ಕಿಟ್ಟಕ್ಕೊಂದು ಕೆಲಸ

ಒಂದೇ ಕುಲುಮೆಯಲ್ಲಿ ಹುಟ್ಟಿದ ಎರಡು ಪದಗಳಲ್ಲಿ ಒಂದು ದೇಶ ಸುತ್ತಿ ಹೆಸರು ಮಾಡಿತು, ಇನ್ನೊಂದು ಹಿತ್ತಿಲಲ್ಲೇ ಬಿದ್ದುಕೊಂಡಿತು. ಹೆಸರು ಮಾಡಿದ್ದು ಉಕ್ಕು. ಕರಗುವ ಅರ್ಥದ ದ್ರಾವಿಡ ಧಾತುವಿನಿಂದ ಬಂದ ಈ ಪದ ತಮಿಳಿನಲ್ಲಿ ಉರುಕ್ಕು, ನಮ್ಮಲ್ಲಿ ಉಕ್ಕು. 18ನೇ ಶತಮಾನದ ಕೊನೆಗೆ ಅದು ಇಂಗ್ಲಿಷರ ಕೈಗೆ ಸಿಕ್ಕಿ, ತಿರುಚಿಕೊಂಡು ‘ವೂಟ್ಜ್’ ಆಯಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಅದರ ಮೇಲೆ ಬರೆದ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯವರೆಗೂ ಹೋಯಿತು. ಇಂದಿಗೂ ಕನ್ನಡದ ಹೆಮ್ಮೆಯ ಮಾತು ಬಂದರೆ ಯಾರಾದರೊಬ್ಬರು ಉಕ್ಕಿನ ಕಥೆ ತೆಗೆಯುತ್ತಾರೆ.

ಹಿತ್ತಿಲಲ್ಲಿ ಬಿದ್ದದ್ದು ಕಿಟ್ಟ. ಹೆಸರು ಕೇಳಿದೊಡನೆ ಕೃಷ್ಣನ ಮುದ್ದಿನ ಹೆಸರು ನೆನಪಾಗುವವರೇ ಈಗ ಹೆಚ್ಚು. ಆ ಕಿಟ್ಟನಿಗೂ ಈ ಕಿಟ್ಟಕ್ಕೂ ನಂಟಿಲ್ಲ. ಇದು ಅದಿರು ಕರಗಿಸಿದಾಗ ಲೋಹದಿಂದ ಬೇರೆಯಾಗಿ ನಿಲ್ಲುವ ಕಸರು. ದೀಪದ ಬತ್ತಿಯ ತುದಿಯಲ್ಲಿ ಕರಿಕಟ್ಟಿದ್ದೂ ಕಿಟ್ಟವೇ, ಎಣ್ಣೆಯ ತಳದಲ್ಲಿ ನಿಂತ ಗಸಿಯೂ ಕಿಟ್ಟವೇ. ಸುಟ್ಟು, ಬತ್ತಿ, ಗಟ್ಟಿಯಾಗಿ ಅಂಟಿಕೊಂಡದ್ದು ಕಿಟ್ಟಗಟ್ಟಿತು. ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿದದ್ದು ಎಂಬ ಭಾವ ಈ ಎಲ್ಲ ಬಳಕೆಗಳಲ್ಲೂ ಇದೆ.

ಪದ ಸಂಸ್ಕೃತದಲ್ಲೂ ಇದೆ, ತಮಿಳಿನಲ್ಲೂ ಇದೆ. ತೆಲುಗಿನಲ್ಲಿ ಅದು ‘ಚಿಟ್ಟೆಮು’. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು. ಇ, ಎ ಸ್ವರಗಳ ಮುಂದಿನ ಕಕಾರ ಆ ಭಾಷೆಯಲ್ಲಿ ಬಹಳ ಹಿಂದೆಯೇ ಚಕಾರವಾಯಿತು. ಕಿಟ್ಟ ಅಲ್ಲಿ ಚಿಟ್ಟೆಮು ಆಗಿದೆಯೆಂದರೆ ಆ ಮಾರ್ಪಾಟು ನಡೆಯುವ ಹೊತ್ತಿಗಾಗಲೇ ಕಬ್ಬಿಣ ಕಾಯಿಸುವವರ ಬಾಯಲ್ಲಿ ಪದ ಹಳೆಯದಾಗಿತ್ತು ಎನ್ನಬೇಕು. ಪಂಡಿತರು ಆಮೇಲೆ ತಂದು ಕೊಟ್ಟ ಪದಗಳು ಹೀಗೆ ಸವೆಯುವುದಿಲ್ಲ. ಪುಸ್ತಕದಿಂದ ಇಳಿದು ಬಂದದ್ದಕ್ಕಿಂತ ಕುಲುಮೆಯಿಂದ ಕುಲುಮೆಗೆ ನಡೆದು ಬಂದ ಪದ ಇದು ಎಂದೇ ನನ್ನ ಊಹೆ.

ಪುಸ್ತಕದಲ್ಲೂ ಅದಕ್ಕೆ ಒಳ್ಳೆಯ ಜಾಗವಿದೆ. ಚರಕಸಂಹಿತೆಯ ಪ್ರಕಾರ ಉಂಡದ್ದು ಪಚನವಾದಾಗ ಎರಡಾಗುತ್ತದೆ: ಸಾರಭಾಗ ರಸ, ಉಳಿದದ್ದು ಕಿಟ್ಟ. ರಸದಿಂದ ರಕ್ತ, ಮಾಂಸ, ಮೂಳೆಗಳು ಬೆಳೆಯುತ್ತವೆ. ಕಿಟ್ಟ ಮಾತ್ರ ಕಸವಾಗಿ ಹೊರಗೆ ಹೋಯಿತು ಎಂದು ಚರಕ ಕೈತೊಳೆದುಕೊಳ್ಳುವುದಿಲ್ಲ. ಬೆವರು, ಮಲಮೂತ್ರಗಳ ಜೊತೆಗೆ ಕೂದಲು, ಮೀಸೆ, ಉಗುರುಗಳಿಗೂ ಪೋಷಣೆ ಕಿಟ್ಟದಿಂದಲೇ ಎನ್ನುತ್ತದೆ ಆ ಗ್ರಂಥ. ಮೈಯ ಹೊರಗೆ ನಿಂತು ಕಾಯುವ ಗಟ್ಟಿ ಭಾಗಗಳನ್ನು ಕಿಟ್ಟದ ಲೆಕ್ಕಕ್ಕೆ ಬರೆದ ಆ ವೈದ್ಯರ ಬುದ್ಧಿ ಮುಂದೆ ಹೇಳಲಿರುವ ವಿಷಯಕ್ಕೆ ವಿಚಿತ್ರವಾಗಿ ಒಪ್ಪುತ್ತದೆ.

ಕಬ್ಬಿಣದ ಕಿಟ್ಟಕ್ಕೆ ಆಯುರ್ವೇದದಲ್ಲಿ ಮಂಡೂರವೆಂಬ ಹೆಸರು. ಅದನ್ನು ಕೆಂಪಗೆ ಕಾಯಿಸಿ, ಗೋಮೂತ್ರದಲ್ಲಿ ಅದ್ದಿ, ಮತ್ತೆ ಕಾಯಿಸಿ, ಕೊನೆಗೆ ಭಸ್ಮ ಮಾಡಿ ಪಾಂಡುರೋಗಕ್ಕೆ ಕೊಡುತ್ತಾರೆ. ರಸಶಾಸ್ತ್ರದವರ ಒಂದು ಕಟ್ಟಳೆ ಸೊಗಸಾಗಿದೆ: ನೂರು ವರ್ಷ ಹಳೆಯ ಕಿಟ್ಟ ಉತ್ತಮ, ಎಂಬತ್ತರದ್ದು ಮಧ್ಯಮ, ಅರವತ್ತರದ್ದು ಅಧಮ, ಅದಕ್ಕೂ ಹೊಸದು ವಿಷಕ್ಕೆ ಸಮ. ಅಜ್ಜನ ಕಾಲದ ಕುಲುಮೆಯ ತಿಪ್ಪೆಗೆ ಮೊಮ್ಮಗನ ಕಾಲದಲ್ಲಿ ಬೆಲೆ ಬರುವ ಏರ್ಪಾಡು ಇದು.

ಆದರೆ ಇದೇ ಜಾಗದಲ್ಲಿ ಒಂದು ಗೋಜಲೂ ಉಂಟು. ಹಳೆಯ ನಿಘಂಟುಗಳಲ್ಲಿ ಕಿಟ್ಟವೆಂದರೆ ಕುಲುಮೆಯ ಕಸರೂ ಹೌದು, ಕಬ್ಬಿಣದ ತುಕ್ಕೂ ಹೌದು. ಎರಡೂ ಲೋಹದ ಮಲ ಎಂದು ಒಂದೇ ಬುಟ್ಟಿಗೆ ಹಾಕಿದರು. ಜನರ ಬಾಯಿ ಮಾತ್ರ ಬೇರೆ ಬೇರೆ ಹೆಸರಿಟ್ಟುಕೊಂಡಿತು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು; ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು; ಉತ್ತರ ಕರ್ನಾಟಕದ ಕಡೆ ಉರ್ದುವಿನಿಂದ ಬಂದ ಜಂಗು. ತುಕ್ಕು ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು. ಈ ವಿಂಗಡಣೆ ಸರಿಯಾದದ್ದೇ. ತುಕ್ಕು ಎಂದರೆ ಗೆದ್ದ ಲೋಹ ನೀರು, ಗಾಳಿಗಳ ಜೊತೆ ಸೇರಿ ಮತ್ತೆ ಅದಿರಿನ ಸ್ಥಿತಿಗೆ ಹಿಂದಿರುಗುವುದು. ಕಿಟ್ಟ ಎಂದರೆ ಅದಿರಿನಲ್ಲಿದ್ದ ಮರಳು ಮಣ್ಣು ಕರಗಿ ಲೋಹದಿಂದ ದೂರ ಸರಿದು ಗಾಜಿನಂತೆ ಹೆಪ್ಪುಗಟ್ಟುವುದು. ಮೊದಲನೆಯದು ಸೋಲಿನ ಗುರುತು, ಎರಡನೆಯದು ಗೆಲುವಿನ ಬೆನ್ನಿಗೆ ಬರುವ ಉಳಿಕೆ.

ಕನ್ನಡ ನೆಲದಲ್ಲಿ ಆ ಉಳಿಕೆ ಬೇಕಾದಷ್ಟು ಬಿದ್ದಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದಾಗ ಸಿಕ್ಕ ಕಬ್ಬಿಣದ ಕಾಲ ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಹೋಯಿತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳಲ್ಲಿ ಕಬ್ಬಿಣ ಕಾಯಿಸುವ ಪರಿಯನ್ನು ಬರೆದಿಟ್ಟ. ಕಪ್ಪು ಮರಳು, ಇದ್ದಿಲು, ಚರ್ಮದ ತಿದಿ, ಆಳೆತ್ತರ ಮೀರದ ಮಣ್ಣಿನ ಕುಲುಮೆ. ಆ ಶಾಖಕ್ಕೆ ಕಬ್ಬಿಣ ಪೂರ್ತಿ ಕರಗುವುದಿಲ್ಲ, ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಾಗಿ ನಿಲ್ಲುತ್ತದೆ. ಕರಗಿ ಹರಿಯುವುದು ಕಿಟ್ಟ. ಅದರಲ್ಲಿ ಮರಳಿನ ಜೊತೆ ಸಾಕಷ್ಟು ಕಬ್ಬಿಣವೂ ಸೇರಿ ಹೋಗುತ್ತದೆ. ಹಾಗಾಗಿ ಹಳೆಯ ಕುಲುಮೆಗಳ ಬಳಿ ಸಿಗುವ ಕಪ್ಪು ಗುಳ್ಳೆಗಲ್ಲನ್ನು ಕೈಯಲ್ಲಿ ಎತ್ತಿದರೆ ನಿರೀಕ್ಷೆಗಿಂತ ಭಾರ.

ಎಲ್ಲ ಕಿಟ್ಟವೂ ಹೊರಗೆ ಹೋಗುವುದೂ ಇಲ್ಲ. ಮುದ್ದೆಯನ್ನು ಸುತ್ತಿಗೆಯಲ್ಲಿ ಬಡಿಬಡಿದು ಕಿಟ್ಟ ಹಿಂಡಿ ತೆಗೆದರೂ ನೂಲಿನೆಳೆಯಷ್ಟು ಸಣ್ಣಗೆ ಲೋಹದೊಳಗೆ ಉಳಿದುಬಿಡುತ್ತದೆ. ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬ ಅಂಥ ಬಡಿದ ಕಬ್ಬಿಣದ್ದು. ಕಡಲ ಗಾಳಿ, ಮಲೆನಾಡಿನ ಮಳೆ ಎರಡಕ್ಕೂ ಮೈಯೊಡ್ಡಿ ಅದು ಕರಗದೆ ನಿಂತಿದೆ. ದೆಹಲಿಯ ಕಂಬವನ್ನು ಅಭ್ಯಾಸ ಮಾಡಿದ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅದರ ತಾಳಿಕೆಗೆ ಮುಖ್ಯ ಕಾರಣ ರಂಜಕವೆಂದರು. ಸುಣ್ಣಗಲ್ಲು ಹಾಕದ ಕುಲುಮೆಯಲ್ಲಿ ರಂಜಕ ಕಿಟ್ಟಕ್ಕೆ ಹೋಗದೆ ಕಬ್ಬಿಣದಲ್ಲೇ ಉಳಿಯಿತು. ಒಳಗೆ ಸಿಕ್ಕಿಕೊಂಡ ಕಿಟ್ಟವೂ ಸೇರಿ ಲೋಹದ ಮೈಮೇಲೆ ತೆಳುವಾದ ಕಾವಲು ಪದರ ಬೆಳೆಯಲು ನೆರವಾಯಿತು. ಅಂದರೆ ತುಕ್ಕನ್ನು ತಡೆಯುವ ಕೆಲಸಕ್ಕೆ ಕಿಟ್ಟ ಸೇರಿದ್ದು ಈಗ ಹೊಸತಾಗಿ ಅಲ್ಲ.

ಕಿಟ್ಟಕ್ಕೆ ಆ ಕೆಲಸ ಈಗ ಕಾಂಕ್ರೀಟಿನಲ್ಲಿ ಸಿಕ್ಕಿದೆ; ಅದನ್ನು ನೋಡಲು ಕಾರ್ಖಾನೆಯ ಒಳಗೆ ಬರೋಣ. ಕಾಂಕ್ರೀಟಿನ ಒಳಗಿನ ಕಂಬಿಗೆ ತುಕ್ಕು ಏಕೆ ಹಿಡಿಯುತ್ತದೆ ಎಂದು ಕೇಳುವ ಮೊದಲು ಏಕೆ ಹಿಡಿಯುವುದಿಲ್ಲ ಎಂದು ಕೇಳಬೇಕು. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನಿಂತ ನೀರು ಇದರಿಂದ ಕಡುಕ್ಷಾರವಾಗುತ್ತದೆ. ಪಿಎಚ್ ಲೆಕ್ಕದಲ್ಲಿ 12.5 ದಾಟುತ್ತದೆ. ಅಂಥ ಕ್ಷಾರದಲ್ಲಿ ಕಂಬಿಯ ಮೈಗೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಬೆಳೆದು ಅದನ್ನು ಸುಮ್ಮನಿರಿಸುತ್ತದೆ. ಪೊರೆ ಕೆಡುವುದು ಎರಡು ದಾರಿಯಲ್ಲಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಗ್ಗಿ ಸುಣ್ಣವನ್ನು ಸುಣ್ಣಗಲ್ಲಾಗಿಸಿದರೆ ಕ್ಷಾರ ಇಳಿದು ಪಿಎಚ್ 9ರ ಕೆಳಗೆ ಬರುತ್ತದೆ. ಪೊರೆ ತಾನಾಗಿ ಕಳಚುತ್ತದೆ. ಇನ್ನೊಂದು ಉಪ್ಪಿನ ದಾರಿ. ಕ್ಲೋರೈಡಿಗೆ ಕ್ಷಾರ ಇಳಿಯುವವರೆಗೆ ಕಾಯುವ ತಾಳ್ಮೆ ಇಲ್ಲ. ಅಲ್ಲಲ್ಲಿ ಪೊರೆ ತೂತು ಮಾಡಿ ಆ ಚುಕ್ಕೆಯಲ್ಲೇ ಕಂಬಿಯನ್ನು ಕೊರೆಯುತ್ತಾ ಹೋಗುತ್ತದೆ. ಹುಟ್ಟಿದ ತುಕ್ಕಿಗೆ ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಜಾಗವಿಲ್ಲದಲ್ಲಿ ಅದು ಜಾಗ ಮಾಡಿಕೊಳ್ಳುತ್ತದೆ. ಮೊದಲು ಕಂಬಿಯ ಗುಂಟ ಕೂದಲೆಳೆಯ ಬಿರುಕು, ಆಮೇಲೆ ಕಂದು ಕಲೆ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು, ಕೊನೆಗೆ ಸಿಪ್ಪೆ ಸುಲಿದಂತೆ ಉದುರುವ ಕಾಂಕ್ರೀಟು.

ಸಾಮಾನ್ಯ ಮನೆಗೆ ಇದೆಲ್ಲ ದಶಕಗಳ ಮಾತು. ಕಾರ್ಖಾನೆಗೆ ಅಷ್ಟು ಸಾವಕಾಶವಿಲ್ಲ. ಉಪ್ಪುನೀರಿನಿಂದ ಕ್ಲೋರಿನ್ ತೆಗೆಯುವಲ್ಲಿ ನೆಲದ ಮೇಲೆ ಉಪ್ಪು, ಗಾಳಿಯಲ್ಲಿ ಕ್ಲೋರಿನ್. ರಸಗೊಬ್ಬರದ ಗೋದಾಮಿನಲ್ಲಿ ಅಮೋನಿಯಂ ಲವಣಗಳು ಸಿಮೆಂಟಿನ ಸುಣ್ಣವನ್ನೇ ಕರಗಿಸಿ ಒಯ್ಯುತ್ತವೆ. ನೆಲದ ನೀರಿನಲ್ಲಿ ಸಲ್ಫೇಟಿದ್ದರೆ ಅದು ಸಿಮೆಂಟಿನ ಅಲ್ಯುಮಿನಾ ಜೊತೆ ಕೂಡಿ ಉಬ್ಬುವ ಹರಳಾಗಿ ಪಾಯವನ್ನು ಒಳಗಿನಿಂದ ಸೀಳುತ್ತದೆ. ಒಳಚರಂಡಿಯಲ್ಲಿ ಏಳುವ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬ್ಯಾಕ್ಟೀರಿಯಾಗಳು ಗಂಧಕಾಮ್ಲ ಮಾಡುತ್ತವೆ. ಕೊಳವೆಯ ನೀರು ಮುಟ್ಟದ ಮೇಲ್ಭಾಗವೇ ಮೊದಲು ಸವೆಯುತ್ತದೆ. ಮಂಡ್ಯ, ಬೆಳಗಾವಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಸಂಗತಿ ಬೇರೆ. ಅಲ್ಲಿ ಸಿಹಿಯೇ ವೈರಿ. ನೆಲಕ್ಕೆ ಚೆಲ್ಲಿದ ಕಬ್ಬಿನ ಹಾಲು ಹುಳಿಯಾಗಿ ಆಮ್ಲವಾಗುತ್ತದೆ, ಸಕ್ಕರೆ ಸುಣ್ಣದೊಂದಿಗೆ ಕೂಡಿ ಕರಗುವ ಲವಣವಾಗುತ್ತದೆ. ಕಾಕಂಬಿ ಬೀಳುವ ಜಾಗದಲ್ಲಿ ಜಲ್ಲಿ ಎದ್ದು ಕಾಣಲು ಹೆಚ್ಚು ಹಂಗಾಮು ಬೇಕಿಲ್ಲ. ಮಂಗಳೂರಿನ ಪಣಂಬೂರು, ಸುರತ್ಕಲ್ ಪಟ್ಟಿಯಲ್ಲಂತೂ ಕಾರ್ಖಾನೆಯ ಹೊಗೆಯ ಜೊತೆ ಅರಬ್ಬೀ ಸಮುದ್ರದ ಉಪ್ಪುಗಾಳಿ ಉಚಿತ.

ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಪರಿಸರವನ್ನು ಐದು ದರ್ಜೆ ಮಾಡುತ್ತದೆ. ಸೌಮ್ಯ ಪರಿಸರದಲ್ಲಿ ಕಂಬಿಯ ಮೇಲೆ 20 ಮಿಲಿಮೀಟರ್ ಕಾಂಕ್ರೀಟು ಸಾಕು. ಕೊರೆಯುವ ಹೊಗೆ, ಸಮುದ್ರದ ಸಿಂಚನವಿದ್ದರೆ 50. ರಾಸಾಯನಿಕ ನೇರವಾಗಿ ತಾಗುವಲ್ಲಿ 75. ಕೆಲಸದವರು ಇದನ್ನು ‘ಕವರ್’ ಎನ್ನುತ್ತಾರೆ, ಕಂಬಿಯ ಕೆಳಗೆ ಇಡುವ ಚಿಕ್ಕ ಬಿಲ್ಲೆ ‘ಕವರ್ ಬ್ಲಾಕ್’. ನನ್ನ ದೃಷ್ಟಿಯಲ್ಲಿ ಇಡೀ ಕಟ್ಟಡದಲ್ಲಿ ಇಷ್ಟು ಅಗ್ಗದ, ಇಷ್ಟು ಅಸಡ್ಡೆಗೆ ಗುರಿಯಾದ, ಇಷ್ಟು ದುಬಾರಿ ಪರಿಣಾಮದ ವಸ್ತು ಇನ್ನೊಂದಿಲ್ಲ. ಇಂಗಾಲದ ಡೈಆಕ್ಸೈಡ್ ಒಳಗೆ ಇಳಿಯುವ ಆಳ ಕಾಲದ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 20 ಮಿಲಿಮೀಟರ್ ದಾಟಲು ಹತ್ತು ವರ್ಷ ಹಿಡಿದರೆ 40 ದಾಟಲು ನಲವತ್ತು ಬೇಕು. ತಿರುಗಿಸಿ ನೋಡಿ: ಕವರ್ ಅರ್ಧಕ್ಕಿಳಿಸಿದವನು ಆಯುಸ್ಸಿನ ಮುಕ್ಕಾಲು ಪಾಲನ್ನು ಕಳೆದ. ಕಾಂಕ್ರೀಟು ಸುರಿಯುವ ಗಡಿಬಿಡಿಯಲ್ಲಿ ಬಿಲ್ಲೆಯ ಬದಲು ಜಲ್ಲಿಕಲ್ಲು ತುರುಕುವವರಿಗೆ ಈ ವರ್ಗಮೂಲ ಯಾರೂ ಹೇಳಿರುವುದಿಲ್ಲ.

ಕವರ್ ಎಷ್ಟೇ ಕೊಟ್ಟರೂ ಅದು ಬರೀ ದೂರ. ಆ ದೂರವನ್ನು ಉಪ್ಪು ಎಷ್ಟು ಬೇಗ ನಡೆಯುತ್ತದೆ ಎಂಬುದು ಕಾಂಕ್ರೀಟಿನ ಒಳಗಿನ ದಾರಿಗಳನ್ನು ಅವಲಂಬಿಸಿದೆ. ಇಲ್ಲಿ ಕಿಟ್ಟಕ್ಕೆ ಕರೆ ಬರುತ್ತದೆ. ಆದರೆ ಹಳ್ಳೂರಿನ ಕಿಟ್ಟವನ್ನು ಪುಡಿ ಮಾಡಿ ಸಿಮೆಂಟಿಗೆ ಬೆರೆಸಿದರೆ ಏನೂ ಆಗದು. ಅದು ಕಬ್ಬಿಣ ತುಂಬಿದ ಮರಳು, ನೀರಿಗೆ ಜಗ್ಗುವುದಿಲ್ಲ. ಬೇಕಾದದ್ದು ಊದುಕುಲುಮೆಯ ಕಿಟ್ಟ. ಅಲ್ಲಿ ಅದಿರಿನ ಜೊತೆ ಸುಣ್ಣಗಲ್ಲನ್ನೂ ಹಾಕುತ್ತಾರೆ. ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಣ್ಣವು ಮರಳು, ಅಲ್ಯುಮಿನಾಗಳನ್ನು ಹಿಡಿದು ಕರಗಿ, ಕಬ್ಬಿಣದ ಮೇಲೆ ತೇಲುತ್ತದೆ. ಟನ್ ಕಬ್ಬಿಣಕ್ಕೆ 300-400 ಕಿಲೋ ಕಿಟ್ಟ ಬರುತ್ತದೆ. ಕನ್ನಡನಾಡಿಗೆ ಈ ಹೊಸ ಬಗೆಯ ಕಿಟ್ಟ ಬಂದದ್ದು ಭದ್ರಾವತಿಯಲ್ಲಿ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಊದುಕುಲುಮೆ ಹಚ್ಚಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು.

ಊದುಕುಲುಮೆಯ ಕಿಟ್ಟದಲ್ಲಿ ಸಿಮೆಂಟಿನ ಗುಣವಿದೆಯೆಂದು ಕಂಡದ್ದು ಜರ್ಮನಿಯ ಎಮಿಲ್ ಲ್ಯಾಂಗೆನ್, 1862ರಲ್ಲಿ. ಗುಟ್ಟು ತಣಿಸುವುದರಲ್ಲಿದೆ. ಕರಗಿದ ಕಿಟ್ಟವನ್ನು ಹೊರಗೆ ಸುರಿದು ತಾನಾಗಿ ಆರಲು ಬಿಟ್ಟರೆ ಹರಳುಗಟ್ಟಿ ಕಲ್ಲಾಗುತ್ತದೆ; ರಸ್ತೆಗೆ ಹಾಸಬಹುದು, ಅಷ್ಟೇ. ಅದೇ ಧಾರೆಗೆ ರಭಸದ ನೀರು ಹಾಯಿಸಿ ದಿಢೀರನೆ ತಣಿಸಿದರೆ ಹರಳಾಗಲು ಪುರುಸೊತ್ತು ಸಿಗದೆ ಗಾಜಿನ ಮರಳಾಗಿ ಉದುರುತ್ತದೆ. ಅದನ್ನು ನುಣ್ಣಗೆ ಅರೆದು ಸುಣ್ಣದ ಜೊತೆ ನೆನೆಸಿದರೆ ಗಟ್ಟಿಯಾಗುತ್ತದೆ. ಕಾಯಿಸಿ ದ್ರವದಲ್ಲಿ ಅದ್ದಿ ಕಿಟ್ಟದ ಗುಣ ಬದಲಿಸುವ ಕೆಲಸವನ್ನು ಮಂಡೂರದ ವೈದ್ಯರೂ ಮಾಡುತ್ತಿದ್ದರು. ಅವರ ಉದ್ದೇಶ ಬೇರೆ, ರಸಾಯನವೂ ಬೇರೆ. ಅದಕ್ಕೂ ಇದಕ್ಕೂ ಗಂಟು ಹಾಕಿ ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎನ್ನುವವರ ಸಾಲಿಗೆ ನಾನು ಸೇರಲಾರೆ.

ಸಿಮೆಂಟು ಬಿಟ್ಟ ಸುಣ್ಣವೇ ಕಾಂಕ್ರೀಟಿನಲ್ಲಿ ಕಿಟ್ಟವನ್ನು ಎಬ್ಬಿಸುತ್ತದೆ. ಎದ್ದ ಕಿಟ್ಟ ನಿಧಾನವಾಗಿ ಅಂಟು ಕಟ್ಟುತ್ತಾ ರಂಧ್ರಗಳನ್ನು ಕಿರಿದು ಮಾಡುತ್ತದೆ, ಒಂದಕ್ಕೊಂದು ಸೇರಿದ್ದ ದಾರಿಗಳನ್ನು ಮುಚ್ಚುತ್ತದೆ. ಅದರ ಅಲ್ಯುಮಿನಾ ಒಂದಿಷ್ಟು ಕ್ಲೋರೈಡನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಗಾಗಿ ಕಡಲ ಕಟ್ಟಣೆಗಳಿಗೆ, ಉಪ್ಪುನೀರಿನ ಶೀತಕ ಗೋಪುರಗಳಿಗೆ, ಸಲ್ಫೇಟ್ ನೆಲದ ಪಾಯಗಳಿಗೆ ಕಿಟ್ಟದ ಸಿಮೆಂಟು ಸಲ್ಲುತ್ತದೆ. ದಪ್ಪ ಪಾಯಗಳಲ್ಲಿ ಒಳಶಾಖ ಕಡಿಮೆ ಏಳುವುದು ಇನ್ನೊಂದು ಲಾಭ. ಭಾರತದಲ್ಲಿ ಇದರ ಮಾನಕ ಐಎಸ್ 455 ಮೊದಲು ಬಂದದ್ದು 1953ರಲ್ಲಿ. ಸಿಮೆಂಟಿನ ತೂಕದಲ್ಲಿ ನೂರಕ್ಕೆ 70ರವರೆಗೆ ಕಿಟ್ಟವಿರಲು ಅದು ಒಪ್ಪುತ್ತದೆ. ಚೀಲದ ಮುಕ್ಕಾಲಿಗೆ ಹತ್ತಿರ ಕಿಟ್ಟ, ಹೆಸರು ಮಾತ್ರ ಸಿಮೆಂಟು!

ಇದನ್ನು ಸರ್ವರೋಗ ನಿವಾರಿಣಿ ಎಂದು ಮಾರುವವರನ್ನು ನಂಬಬಾರದು. ಆಮ್ಲದ ಮುಂದೆ ಕಿಟ್ಟವೂ ಸಿಮೆಂಟಿನ ಜಾತಿಯೇ. ಗಂಧಕಾಮ್ಲ ಹರಿಯುವ ನೆಲಕ್ಕೆ ಆಮ್ಲ ತಡೆಯುವ ಇಟ್ಟಿಗೆ, ಎಪಾಕ್ಸಿ ಲೇಪ ಬೇಕೇ ಬೇಕು. ಕಿಟ್ಟ ಸುಣ್ಣವನ್ನು ತಿಂದುಬಿಡುವುದರಿಂದ ಇಂಗಾಲದ ಡೈಆಕ್ಸೈಡ್ ಎದುರು ಕಾಂಕ್ರೀಟಿನ ದಾಸ್ತಾನು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ನೀರು ಬೇಕು, ದಿನ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ ಕ್ಯೂರಿಂಗ್ ಎಂದರೆ ಬೆರಕೆ ಸಿಮೆಂಟಿಗೆ ಹತ್ತು, ಬಿಸಿ ಒಣಹವೆಯಲ್ಲಿ ಹದಿನಾಲ್ಕು ಎನ್ನುತ್ತದೆ ಸಂಹಿತೆ. ಬೇಸಗೆಯ ಬಳ್ಳಾರಿಯಲ್ಲಿ ಮೂರನೇ ದಿನಕ್ಕೇ ಗೋಣಿತಾಟು ಒಣಗಿದ್ದರೆ ಮೇಲ್ಪದರದ ಕಿಟ್ಟ ಅರೆಬೆಂದೇ ಉಳಿಯುತ್ತದೆ. ಆಗ ಅದನ್ನು ಹಾಕದೆ ಇದ್ದದ್ದೇ ಮೇಲಾಗುತ್ತಿತ್ತು. ಫೀನಾಲ್ಫ್ತಲೀನ್ ಸಿಂಪಡಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ: ಕ್ಷಾರ ಉಳಿದಲ್ಲಿ ಕಡುಗುಲಾಬಿ, ಅಳಿದಲ್ಲಿ ಬಣ್ಣವಿಲ್ಲ.

ಬಣ್ಣವೆಂದಾಗ ಇನ್ನೊಂದು. ಕಿಟ್ಟದ ಕಾಂಕ್ರೀಟನ್ನು ಎಳೆಯದಾಗಿದ್ದಾಗ ಒಡೆದರೆ ಒಳಗೆ ಹಸಿರು ಬೆರೆತ ನೀಲಿ. ಕಿಟ್ಟದಲ್ಲಿರುವ ಗಂಧಕದ ಸಂಯುಕ್ತಗಳಿಂದ ಬರುವ ಬಣ್ಣ ಅದು. ಗಾಳಿ ತಾಗಿದ ಮೇಲೆ ದಿನಗಳಲ್ಲಿ ಮಾಸಿ ಬೂದಿಯಾಗುತ್ತದೆ. ಅಚ್ಚು ಬಿಚ್ಚಿದಾಗ ಕಂಡು ‘ಏನ್ ಸಾರ್, ಪಾಚಿ ಕಟ್ಟಿದಂಗೈತೆ’ ಎಂದು ಗಾಬರಿಯಾಗುವ ಸೆಂಟ್ರಿಂಗ್‌ನವರುಂಟು. ಗಾಬರಿ ಬೇಕಾಗಿಲ್ಲ.

ಇಷ್ಟೆಲ್ಲ ಕೆಲಸಕ್ಕೆ ಸೇರಿದ ಮೇಲೂ ಹಳೆಯ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕುಲುಮೆಯ ಬಾಯಲ್ಲಿ ಅದು ಸ್ಲ್ಯಾಗ್. ಬೆಂಗಳೂರಿನ ಸಿದ್ಧ ಕಾಂಕ್ರೀಟ್ ಘಟಕಗಳಲ್ಲಿ ಅದು ಜಿಜಿಬಿಎಸ್. ನಾಲ್ಕಕ್ಷರವನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಚೀಲದ ಮೇಲೆ ಪೋರ್ಟ್‌ಲ್ಯಾಂಡ್ ಸ್ಲ್ಯಾಗ್ ಸಿಮೆಂಟ್. ಕನ್ನಡದ ವಿಜ್ಞಾನ ಬರಹಗಳಲ್ಲಿ ‘ಲೋಹಕಿಟ್ಟ’ ಆಗೀಗ ಕಾಣಿಸುತ್ತದೆ, ಆದರೆ ಪಾಠ ಮುಗಿದ ಮೇಲೆ ಜೊತೆಗೆ ಬರುವುದಿಲ್ಲ. ಇದಕ್ಕೆ ಅಳುತ್ತಾ ಕೂರಬೇಕಾಗಿಲ್ಲ. ಕೆಲಸಗಾರರಿಗೆ ಬೇಕಾದದ್ದು ಎಲ್ಲರಿಗೂ ತಿಳಿಯುವ ಹೆಸರು. ಆದರೆ ವ್ಯಾಪಾರಿಗೆ ಕಿಟ್ಟ ಎಂಬ ಹೆಸರು ಹಿಡಿಸದಿರುವುದಕ್ಕೆ ಬೇರೆ ಕಾರಣವೂ ಇದೆ: ಅದರ ಹಿಂದೆ ಮೂರು ಸಾವಿರ ವರ್ಷದ ಕಸದ ವಾಸನೆಯಿದೆ. ಹೆತ್ತವರಿಟ್ಟ ಹೆಸರು ಬಿಟ್ಟು ಪಟ್ಟಣಕ್ಕೆ ಹೋದ ಮೇಲೆಯೇ ಅದಕ್ಕೆ ಸಂಬಳ ಶುರುವಾಯಿತು.

ಆ ಸಂಬಳ ಎಷ್ಟು ದಿನ ಎಂಬುದು ಈಗ ಕುಲುಮೆಯವರ ಕೈಯಲ್ಲಿದೆ. ಇಂಗಾಲದ ಹೊಗೆ ತಗ್ಗಿಸಲು ಊದುಕುಲುಮೆಗಳನ್ನೇ ಬಿಟ್ಟು ಜಲಜನಕದಿಂದ ಕಬ್ಬಿಣ ತೆಗೆಯುವ ಪ್ರಯೋಗ ಘಟಕ ಸ್ವೀಡನ್ನಿನ ಲೂಲಿಯೋದಲ್ಲಿ 2020ರಲ್ಲಿ ಶುರುವಾಯಿತು. ಆ ದಾರಿಯಲ್ಲಿ ಕಬ್ಬಿಣ ಕರಗುವುದಿಲ್ಲ; ಆಮೇಲೆ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡಬೇಕು. ವಿದ್ಯುತ್ ಕುಲುಮೆಯ ಕಿಟ್ಟ ಕಪ್ಪು, ಭಾರ. ಅದರಲ್ಲಿ ಕಬ್ಬಿಣದ ಆಕ್ಸೈಡ್ ನೂರಕ್ಕೆ ಇಪ್ಪತ್ತು, ಮೂವತ್ತರಷ್ಟು ಇರುತ್ತದೆ. ಇದ್ದಂತೆಯೇ ಅರೆದು ಹಾಕಿದರೆ ಸಿಮೆಂಟಿನ ಕೆಲಸಕ್ಕೆ ಬಾರದು. ಅದನ್ನು ಸಿಮೆಂಟಿಗೆ ಒಗ್ಗಿಸುವ ದಾರಿ ಹುಡುಕುತ್ತಾ ಈಗ ಸಂಶೋಧಕರು ಕುಳಿತಿದ್ದಾರೆ. ಸುಣ್ಣದ ಪಾಲು ಎಷ್ಟಿರಬೇಕು, ತಣಿಸುವ ವೇಗ ಎಷ್ಟು, ಒಳಗೆ ಉಳಿದ ಕಬ್ಬಿಣವನ್ನು ಮೊದಲು ಹೇಗೆ ಹಿಂಡಿ ತೆಗೆಯಬೇಕು ಎಂಬ ಲೆಕ್ಕ ನಡೆದಿದೆ.